ಗೋದಾಮಿಗೊಂದು ಕೀಲಿ, ತಿಜೋರಿಗೊಂದು ಕೀಲಿ: ಗಣಕಯಂತ್ರದೊಳಗಿನ ಅನುಮತಿ ವ್ಯವಸ್ಥೆ

ರಾಯಚೂರಿನ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಗಳಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರೂ ಬಲ್ಲ ನಿಯಮವೊಂದಿದೆ. ಗೋದಾಮಿನ ಕೀಲಿ ಗುಮಾಸ್ತನ ಬಳಿ ಇರಬಹುದು. ತಿಜೋರಿಯ ಕೀಲಿ ಮಾಲೀಕನ ಬಳಿಯೇ ಇರುತ್ತದೆ. ಮಾಲು ಇಳಿಸಿಕೊಂಡವನು ತೂಕದ ಚೀಟಿ ಬರೆಯುವುದಿಲ್ಲ. ಚೀಟಿ ಬರೆದವನು ಹಣ ಎಣಿಸುವುದಿಲ್ಲ. ಇದು ಅವಿಶ್ವಾಸದ ಲಕ್ಷಣವಲ್ಲ, ವ್ಯವಹಾರದ ಶಿಸ್ತು. ಆದರೆ ಅದೇ ಅಂಗಡಿಯ ಗಣಕಯಂತ್ರದ ಮುಂದೆ ಕುಳಿತೊಡನೆ ಈ ಶಿಸ್ತು ಮರೆತುಹೋಗುವುದೇ ಹೆಚ್ಚು. ಅಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಸೋಜಿಗವೆಂದರೆ, ವ್ಯಾಪಾರಿಯು ಹೀಗೆ ಕೈಬಿಟ್ಟ ಶಿಸ್ತನ್ನು ಯಂತ್ರವು ತನ್ನೊಳಗೆ ವರ್ಷದಿಂದ ವರ್ಷಕ್ಕೆ ಬಿಗಿಗೊಳಿಸುತ್ತ ಬಂದಿದೆ.

ಯಂತ್ರದೊಳಗಿನ ಚೀಟಿ ವ್ಯವಹಾರ

ಗಣಕಯಂತ್ರದಲ್ಲಾಗಲಿ ಮೊಬೈಲ್ ಫೋನಿನಲ್ಲಾಗಲಿ ಏಕಕಾಲಕ್ಕೆ ಹಲವಾರು ತಂತ್ರಾಂಶಗಳು ಕೆಲಸ ಮಾಡುತ್ತಿರುತ್ತವೆ. ಒಂದೊಂದೂ ತನ್ನ ಕೋಣೆಯಲ್ಲಿ ಕುಳಿತ ಗುಮಾಸ್ತನಿದ್ದಂತೆ. ಪಕ್ಕದ ಕೋಣೆಗೆ ಅದು ನೇರವಾಗಿ ಕೈಹಾಕುವಂತಿಲ್ಲ. ಬೇಕಾದುದನ್ನು ಸಂದೇಶ ಕಳುಹಿಸಿ ಕೇಳಬೇಕು. ಯುಪಿಐ ಆ್ಯಪ್ ಅನ್ನು ಮೊದಲ ಬಾರಿ ಫೋನಿಗೆ ಹಾಕಿಕೊಂಡಾಗ, ಆ ಸಿಮ್ ಖಾತೆದಾರರದೇ ಎಂದು ಖಚಿತಪಡಿಸಿಕೊಳ್ಳಲು ಫೋನಿನಿಂದ ಒಂದು ಎಸ್ಎಂಎಸ್ ಹೋಗುತ್ತದೆ. ಆ್ಯಪ್ ಅದನ್ನು ತಾನೇ ಕಳುಹಿಸಲಾರದು. ಫೋನಿನ ಸಂದೇಶ ಸೇವೆಯನ್ನು ಕೇಳಿಕೊಳ್ಳಬೇಕು. ಹೀಗೆ ಕೇಳಿದವರು ಯಾರು, ಅವರಿಗೆ ಆ ಹಕ್ಕಿದೆಯೇ ಎಂದು ಪರಿಶೀಲಿಸುವ ಹೊಣೆ ಕಾರ್ಯಾಚರಣ ವ್ಯವಸ್ಥೆಯದು.

ಹಳೆಯ ಪದ್ಧತಿಯಲ್ಲಿ ಈ ಪರಿಶೀಲನೆ ಸ್ಥೂಲವಾಗಿತ್ತು. ಯಂತ್ರದ ಬಳಕೆದಾರನಿಗೆ ಏನೆಲ್ಲ ಹಕ್ಕಿತ್ತೋ ಅವನು ನಡೆಸುವ ಪ್ರತಿಯೊಂದು ತಂತ್ರಾಂಶಕ್ಕೂ ಅಷ್ಟೇ ಹಕ್ಕು ದೊರೆಯುತ್ತಿತ್ತು. ಮಾಲೀಕನ ಜೊತೆ ಬಂದವರೆಲ್ಲರಿಗೂ ತಿಜೋರಿ ತೆರೆದಿಟ್ಟ ಹಾಗೆ.

ಆಂಡ್ರಾಯ್ಡ್ ಫೋನುಗಳು ಬೇರೆ ದಾರಿ ಹಿಡಿದವು. ಅಲ್ಲಿ ಪ್ರತಿಯೊಂದು ಆ್ಯಪ್‌ಗೂ ಪ್ರತ್ಯೇಕ ಗುರುತಿನ ಸಂಖ್ಯೆಯಿದೆ. ಆ್ಯಪ್‌ಗಳು ಮತ್ತು ಫೋನಿನ ಸೇವೆಗಳ ನಡುವಿನ ಸಂದೇಶಗಳು ಮುಖ್ಯವಾಗಿ ‘ಬೈಂಡರ್’ ಎಂಬ ಮಾರ್ಗದಲ್ಲಿ ಸಾಗುತ್ತವೆ. ಕಳುಹಿಸಿದವರ ಗುರುತನ್ನು ಸಂದೇಶದ ಮೇಲೆ ಒತ್ತುವುದು ಆ್ಯಪ್ ಅಲ್ಲ, ವ್ಯವಸ್ಥೆಯ ತಿರುಳಾದ ಕರ್ನೆಲ್. ಆದ್ದರಿಂದ ಸುಳ್ಳು ಹೆಸರಿನಲ್ಲಿ ಚೀಟಿ ಕಳುಹಿಸುವುದು ಸಾಧ್ಯವಿಲ್ಲ. ಸ್ವೀಕರಿಸುವ ಸೇವೆಯು ಆ ಮುದ್ರೆಯನ್ನು ನೋಡಿ, ಕೇಳಿದ ಆ ಒಂದು ಕೆಲಸಕ್ಕೆ ಅನುಮತಿ ಇದ್ದರೆ ಮಾತ್ರ ಮುಂದುವರಿಯುತ್ತದೆ.

ಇದರ ಮೇಲೆ ಮತ್ತೊಂದು ಕಾವಲೂ ಇದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ರೂಪಿಸಿ 2000ದಲ್ಲಿ ಬಿಡುಗಡೆ ಮಾಡಿದ ‘ಎಸ್‌ಇ ಲಿನಕ್ಸ್’ ವ್ಯವಸ್ಥೆಯನ್ನು 2014ರ ಆಂಡ್ರಾಯ್ಡ್ 5.0 ಆವೃತ್ತಿಯಿಂದ ಪೂರ್ಣವಾಗಿ ಜಾರಿಗೊಳಿಸಲಾಯಿತು. ಯಾವ ಬಗೆಯ ತಂತ್ರಾಂಶವು ಯಾವ ಸೇವೆಯನ್ನು ಸಂಪರ್ಕಿಸಬಹುದು ಎಂಬುದನ್ನು ಇದು ಮೊದಲೇ ಪಟ್ಟಿ ಮಾಡಿಟ್ಟಿರುತ್ತದೆ. ಪಟ್ಟಿಯಲ್ಲಿಲ್ಲದ ಸಂಪರ್ಕಕ್ಕೆ ಅವಕಾಶವಿಲ್ಲ.

ಒಪ್ಪಿಗೆಯ ಹೊಣೆ ಮಾಲೀಕನದು

2015ರವರೆಗೆ ಆ್ಯಪ್ ಹಾಕಿಕೊಳ್ಳುವಾಗಲೇ ಅದು ಕೇಳಿದ್ದೆಲ್ಲಕ್ಕೂ ಒಪ್ಪಬೇಕಿತ್ತು. ಒಪ್ಪದಿದ್ದರೆ ಆ್ಯಪ್ ಇಲ್ಲ. ಆ ವರ್ಷದ 6.0 ಆವೃತ್ತಿಯಿಂದ ಸಂಪರ್ಕ ಪಟ್ಟಿ, ಕ್ಯಾಮೆರಾ, ಎಸ್ಎಂಎಸ್ ಮುಂತಾದವುಗಳಿಗೆ ಬೇರೆ ಬೇರೆಯಾಗಿ ಅನುಮತಿ ಕೊಡುವ ಅಥವಾ ನಿರಾಕರಿಸುವ ಅವಕಾಶ ಬಂದಿತು. 2020ರ ಆಂಡ್ರಾಯ್ಡ್ 11ರಲ್ಲಿ ಸ್ಥಳ, ಕ್ಯಾಮೆರಾ ಮತ್ತು ಮೈಕ್‌ಗಳಿಗೆ ‘ಈ ಬಾರಿ ಮಾತ್ರ’ ಎಂಬ ಆಯ್ಕೆ ಸೇರಿತು.

ಆದರೆ ಸೂಕ್ಷ್ಮ ಅನುಮತಿಗೂ ಒಂದು ಬೆಲೆಯಿದೆ. ಪ್ರಶ್ನೆಗಳು ಹೆಚ್ಚಾದಷ್ಟೂ ಓದದೆ ‘ಅನುಮತಿಸಿ’ ಎಂದು ಒತ್ತುವ ಅಭ್ಯಾಸ ಬೆಳೆಯುತ್ತದೆ. ವಂಚಕರು ನಂಬಿರುವುದು ಇದನ್ನೇ. ವಾಹನ ದಂಡದ ಚಲನ್ ಎಂದೋ ಬ್ಯಾಂಕ್ ಕೆವೈಸಿ ಎಂದೋ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತವನ್ನು ಹಾಕಿಕೊಂಡು, ಎಸ್ಎಂಎಸ್ ಓದುವ ಹಕ್ಕನ್ನು ಕೊಟ್ಟರೆ ಒಟಿಪಿಗಳು ವಂಚಕನಿಗೆ ಸಿಗುತ್ತವೆ. ಕಾವಲುಗಾರ ಎಷ್ಟೇ ಜಾಗರೂಕನಿದ್ದರೂ ಮಾಲೀಕನೇ ಬಾಗಿಲು ತೆರೆದರೆ ಅವನು ತಡೆಯಲಾರ.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹಾಕಿಕೊಟ್ಟ ತತ್ವ ಇಲ್ಲಿ ಗಮನಾರ್ಹ. ಗ್ರಾಹಕನು ಪಾವತಿಯ ಗುಟ್ಟನ್ನು ಹಂಚಿಕೊಂಡಂತಹ ನಿರ್ಲಕ್ಷ್ಯದಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. 2022ರ ಸೆಪ್ಟೆಂಬರ್ 2ರ ಮಾರ್ಗಸೂಚಿಯಲ್ಲಿ, ಡಿಜಿಟಲ್ ಸಾಲದ ಆ್ಯಪ್‌ಗಳು ಗ್ರಾಹಕನ ಫೋನಿನ ಕಡತ, ಸಂಪರ್ಕ ಪಟ್ಟಿ ಹಾಗೂ ಕರೆ ವಿವರಗಳನ್ನು ಮುಟ್ಟಬಾರದೆಂದು ಬ್ಯಾಂಕ್ ವಿಧಿಸಿತು. ಸಾಲ ಕೊಡುವವನಿಗೂ ಕೆಲಸಕ್ಕೆ ಬೇಕಾದಷ್ಟೇ ಕೀಲಿ ಎಂಬುದು ಇದರ ತಾತ್ಪರ್ಯ.

ಲೆಕ್ಕಪತ್ರದಲ್ಲಿಯೂ ಇದೇ ತತ್ವ

ದೇವದುರ್ಗದಲ್ಲಿ ಹತ್ತಿ ಖರೀದಿ, ಮಾನ್ವಿಯಲ್ಲಿ ಅಕ್ಕಿ ಗಿರಣಿ, ರಾಯಚೂರಿನಲ್ಲಿ ಮುಖ್ಯ ಕಚೇರಿ ಇರುವ ಒಂದು ಸಂಸ್ಥೆಯನ್ನು ಊಹಿಸಿಕೊಳ್ಳಬಹುದು. ಮೂರೂ ಕಡೆಯವರು ‘ಅಡ್ಮಿನ್’ ಎಂಬ ಒಂದೇ ಹೆಸರಿನಲ್ಲಿ ಲೆಕ್ಕದ ತಂತ್ರಾಂಶವನ್ನು ತೆರೆಯುತ್ತಿದ್ದರೆ, ಖರೀದಿಯ ದರವನ್ನು ಯಾರು ತಿದ್ದಿದರೆಂದು ತಿಳಿಯುವ ಬಗೆಯಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಪಾಲುದಾರಿಕೆ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಅನುಸರಣೆ ಹಿತಕರ. ಆದರೆ ದಾಖಲೆಯ ತುಂಬ ‘ಅಡ್ಮಿನ್’ ಎಂಬ ಒಂದೇ ಹೆಸರಿದ್ದರೆ ಅದರಿಂದ ಪ್ರಯೋಜನವೇನು? ಬೈಂಡರ್ ಮಾರ್ಗದ ಬಲವಿರುವುದು ಪ್ರತಿ ಸಂದೇಶಕ್ಕೂ ನಿಜವಾದ ಹೆಸರು ಅಂಟಿರುವುದರಲ್ಲಿ. ಹೆಸರೇ ಹಂಚಿಹೋದರೆ ಯಂತ್ರದ ಮುದ್ರೆಯೂ ವ್ಯರ್ಥ.

ಡಿಜಿಟಲ್ ಸಹಿಯ ಟೋಕನ್‌ಗೂ ಈ ಮಾತು ಸಲ್ಲುತ್ತದೆ. ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 42ನೇ ಕಲಮಿನ ಪ್ರಕಾರ ಸಹಿಯ ಗುಪ್ತ ಕೀಲಿಯನ್ನು ಜೋಪಾನವಾಗಿಡುವುದು ಅದರ ಒಡೆಯನ ಕರ್ತವ್ಯ. ಪಿನ್ ಬರೆದ ಚೀಟಿಯ ಸಮೇತ ಟೋಕನ್ ಅನ್ನು ಯಂತ್ರದಲ್ಲಿಯೇ ಬಿಟ್ಟು ಹೋಗುವುದು, ಸಹಿ ಮಾಡಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಟ್ಟು ಹೋದಂತೆ.

ವ್ಯಾಪಾರಿಗಳು ಕೈಗೊಳ್ಳಬೇಕಾದ ಕ್ರಮಗಳು ಖರ್ಚಿನವೇನಲ್ಲ:

1. ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು, ಪ್ರತ್ಯೇಕ ಪಾಸ್‌ವರ್ಡ್. ಖರೀದಿ ಬರೆಯುವವನಿಗೆ ಖರೀದಿ ಮಾತ್ರ, ದಾಸ್ತಾನು ನೋಡುವವನಿಗೆ ದಾಸ್ತಾನು ಮಾತ್ರ.

2. ಕೆಲಸ ಬಿಟ್ಟು ಹೋದ ನೌಕರನ ಹೆಸರನ್ನು ಅಂದೇ ರದ್ದುಪಡಿಸುವುದು.

3. ವ್ಯವಹಾರದ ಬ್ಯಾಂಕ್ ಖಾತೆಯಿರುವ ಫೋನಿನಲ್ಲಿ ಎಸ್ಎಂಎಸ್ ಹಾಗೂ ಆಕ್ಸೆಸಿಬಿಲಿಟಿ ಅನುಮತಿ ಪಡೆದ ಆ್ಯಪ್‌ಗಳನ್ನು ತಿಂಗಳಿಗೊಮ್ಮೆ ಪರಿಶೀಲಿಸುವುದು.

4. ವಂಚನೆ ತಿಳಿದ ಕ್ಷಣವೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸುವುದು.

ಗೋದಾಮಿನ ಕೀಲಿಯನ್ನೂ ತಿಜೋರಿಯ ಕೀಲಿಯನ್ನೂ ಒಂದೇ ಗೊಂಚಲಿಗೆ ಹಾಕಿ ಎಲ್ಲರಿಗೂ ಕೊಡುವ ವ್ಯಾಪಾರಿ ಗಂಜ್‌ನಲ್ಲಿ ಸಿಗಲಾರ. ಗಣಕಯಂತ್ರದ ಮುಂದೆಯೂ ಅವನು ಅಷ್ಟೇ ವ್ಯಾಪಾರಿಯಾಗಿ ಉಳಿದರೆ ಸಾಕು.