ಇಲ್ಲದ ದಣಪೆಗೆ ಕೂಗಿದ ಪೆಟ್ಟಿಗೆ

ಮುಂಗಾರಿಗೆ ಮುಂಚಿನ ಗುಡುಗು ಮಳೆಗೆ ಶೃಂಗೇರಿ, ಕೊಪ್ಪ, ಎನ್.ಆರ್.ಪುರದ ಕಡೆ ಸುಟ್ಟುಹೋಗುವ ರೌಟರ್‌ಗಳಿಗೆ ಲೆಕ್ಕವಿಲ್ಲ. ಮೋಡ ಕಟ್ಟುತ್ತಿದ್ದಂತೆ ಟಿವಿಯ ಪ್ಲಗ್ ಕಿತ್ತಿಡಬೇಕೆಂದು ಇಲ್ಲಿನ ಮಕ್ಕಳಿಗೂ ಗೊತ್ತು; ಕಚೇರಿಯ ಮೂಲೆಯಲ್ಲಿ ಮಿಣುಕುವ ಪೆಟ್ಟಿಗೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಕೊಪ್ಪದ ಒಂದು ಸಂಸ್ಥೆಯ ಹಳೆಯ ರೌಟರ್ ಹಾಗೆಯೇ ಸಿಡಿಲಿಗೆ ಹೋಯಿತು. ಬದಲಿಗೆ ಬಂದ ಸ್ವಿಚ್ಚು ರೂಟಿಂಗ್ ಕೆಲಸವನ್ನೂ ತಾನೇ ಮಾಡುವಂಥದ್ದು. ಅದನ್ನು ಕೂರಿಸಿಕೊಟ್ಟವನು ನಾನು. ಹಾಗಾಗಿ ತಿಂಗಳ ನಂತರ ದೂರು ಬಂದಾಗ ಎನ್.ಆರ್.ಪುರದಲ್ಲಿ ಬಸ್ಸು ಹತ್ತಬೇಕಾದವನೂ ನಾನೇ.

ದೂರು ಇಷ್ಟೇ: ಆಫೀಸಿನ ಕಂಪ್ಯೂಟರಿನಲ್ಲಿ ಕ್ಯಾಮೆರಾ ಕಾಣುತ್ತಿಲ್ಲ.

ಆ ಕಟ್ಟಡದಲ್ಲಿ ಮೂರು ವಿಲ್ಯಾನ್‌ಗಳು. 10 ಕಚೇರಿಯದು, 20 ಪ್ರಿಂಟರ್‌ಗಳದು, 30 ಕ್ಯಾಮೆರಾ ರೆಕಾರ್ಡರಿನದು. ಸ್ವಿಚ್ಚಿನೊಳಗೆ ಮೂರು ಬೇಲಿ. ಒಂದು ಬೇಲಿಯೊಳಗಿನ ಯಂತ್ರಕ್ಕೆ ಇನ್ನೊಂದರಲ್ಲಿ ಕೆಲಸವಿದ್ದರೆ ದಣಪೆಯ ಗಳು ಸರಿಸಿಯೇ ದಾಟಬೇಕು. ಆ ದಣಪೆಗೆ ನಮ್ಮ ಕಸುಬಿನವರು ಡೀಫಾಲ್ಟ್ ಗೇಟ್‌ವೇ ಅನ್ನುತ್ತಾರೆ.

ಬೇಲಿ ಯಾಕೆ ಬೇಕಾಯಿತು? ಈಥರ್‌ನೆಟ್ ಹುಟ್ಟಿನಿಂದಲೇ ಕೂಗುವ ಜಾತಿ. ಒಂದು ಯಂತ್ರದ ಐಪಿ ವಿಳಾಸ ಗೊತ್ತಿದ್ದು ಅದರ ಹಾರ್ಡ್‌ವೇರ್ ಸಂಖ್ಯೆ ಗೊತ್ತಿಲ್ಲದಿದ್ದರೆ, "ಈ ವಿಳಾಸ ಯಾರದು?" ಎಂದು ಎಲ್ಲರಿಗೂ ಕೇಳುವಂತೆ ಕೂ ಹಾಕಬೇಕು. 1982ರಲ್ಲಿ ಡೇವಿಡ್ ಪ್ಲಮ್ಮರ್ ಬರೆದಿಟ್ಟ ಈ ಕ್ರಮದ ಹೆಸರು ಆರ್ಪ್. ಹತ್ತು ಯಂತ್ರಗಳಿದ್ದಾಗ ಇದು ಅಂಗಳದ ಮಾತು, ಸಾವಿರವಾದಾಗ ಸಂತೆ. ಬೆಲ್‌ಕೋರ್‌ನಲ್ಲಿದ್ದ ಡೇವಿಡ್ ಸಿಂಕೋಸ್ಕಿ ಅವರಿಗೆ ಎದುರಾದದ್ದು ಇನ್ನೊಂದು ಬಗೆಯ ಇಕ್ಕಟ್ಟು. ಈಥರ್‌ನೆಟ್ ಮೇಲೆ ದನಿ ಹಾಯಿಸಿ ನೋಡಿದ್ದ ಅವರಿಗೆ ಜಾಲವನ್ನು ದೊಡ್ಡದು ಮಾಡಬೇಕಿತ್ತು; ಜೋಡಿಸುತ್ತ ಹೋದಂತೆ ದಟ್ಟಣೆಯೆಲ್ಲ ಬುಡದ ಸ್ವಿಚ್ಚಿಗೆ ಬಂದು ಕಟ್ಟಿಕೊಳ್ಳುತ್ತಿತ್ತು. ಪ್ಯಾಕೆಟ್ಟಿಗೊಂದು ಬಣ್ಣದ ಗುರುತು, ಬಣ್ಣಕ್ಕೊಂದು ದಾರಿ, ಇದು ಅವರಿಗೆ ಹೊಳೆದ ಉಪಾಯ. ಚೇಸ್ ಕಾಟನ್ ಜೊತೆ 1988ರಲ್ಲಿ ಅದರ ಲೆಕ್ಕಾಚಾರವನ್ನು ಪ್ರಕಟಿಸಿದರು. ಆ ಬಣ್ಣವೇ 1998ರ 802.1ಕ್ಯೂ ಮಾನಕದಲ್ಲಿ ನಾಲ್ಕು ಬೈಟಿನ ಚೀಟಿಯಾಯಿತು. ಚೀಟಿಯಲ್ಲಿ ವಿಲ್ಯಾನ್ ಸಂಖ್ಯೆಗೆಂದು 12 ಬಿಟ್. 4094 ಬೇಲಿ ಹಾಕಿಕೊಳ್ಳಬಹುದು. ನಡುವೆ 1990ರಲ್ಲಿ ಏಳು ಪೋರ್ಟಿನ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಮಾರಿದ ಕಂಪನಿಯ ಹೆಸರು ಕಲ್ಪನಾ. ಸ್ಥಾಪಕರಲ್ಲೊಬ್ಬರಾದ ವಿನೋದ್ ಭಾರದ್ವಾಜ್ ತಮ್ಮ ಹೆಂಡತಿಯ ಹೆಸರಿಟ್ಟರಂತೆ. ನನಗಂತೂ ಆ ಹೆಸರು ಕೇಳಿದಾಗೆಲ್ಲ ನಮ್ಮ ಮಿನುಗುತಾರೆಯೇ ಕಣ್ಣೆದುರು ಬರುವುದು.

ಇರಲಿ, ಕೊಪ್ಪಕ್ಕೆ ಬರೋಣ. ಆಫೀಸಿನ ಕಂಪ್ಯೂಟರಿನಿಂದ ಪಿಂಗ್ ಮಾಡಿದೆ. 192.168.10.1, ಅಂದರೆ ತನ್ನದೇ ದಣಪೆ, ಓಗೊಟ್ಟಿತು. ಪ್ರಿಂಟರ್ ಓಗೊಟ್ಟಿತು. ಕ್ಯಾಮೆರಾ ಬೇಲಿಯ ದಣಪೆ 192.168.30.1 ಕೂಡ ಓಗೊಟ್ಟಿತು. ರೆಕಾರ್ಡರ್, 192.168.30.50, ಸುಮ್ಮನೆ ಕೂತಿತ್ತು. ಕೆಟ್ಟಿರಬೇಕೆಂದು ಸ್ವಿಚ್ಚಿನೊಳಗೇ ಹೊಕ್ಕು ಅಲ್ಲಿಂದ ಪಿಂಗ್ ಮಾಡಿದರೆ ತಕ್ಷಣ ಉತ್ತರ! ಸ್ವಿಚ್ಚಿಗೆ ಸಿಗುತ್ತದೆ, ನಮಗೆ ಸಿಗುವುದಿಲ್ಲ. ಮಹಡಿಯ ಸ್ವಿಚ್ಚಿಗೆ ಹೋಗುವ ಟ್ರಂಕ್‌ನಲ್ಲಿ 30ಕ್ಕೆ ಅನುಮತಿ ಇದೆಯೇ ಎಂದು ನೋಡಿದೆ, ಇತ್ತು. ರೂಟಿಂಗ್ ಚಾಲೂ ಇದೆಯೇ ಎಂದು ನೋಡಿದೆ, ಇತ್ತು. ಅನುಮಾನಕ್ಕೆ ಕೇಬಲ್ಲನ್ನೂ ಬದಲಿಸಿದೆ. ದಿಕ್ಕು ತೋಚದಿದ್ದಾಗ ಎಲ್ಲರೂ ಮಾಡುವುದು ಅದನ್ನೇ.

ಪಿಂಗ್ ಬರೆದವರು ಮೈಕ್ ಮೂಸ್, 1983ರ ಡಿಸೆಂಬರಿನಲ್ಲಿ, ಅಮೆರಿಕದ ಸೇನಾ ಪ್ರಯೋಗಾಲಯವೊಂದರ ಜಾಲ ಕೈಕೊಟ್ಟಾಗ. ಒಂದೇ ಸಂಜೆಯಲ್ಲಿ ಬರೆದು ಮುಗಿಸುವಷ್ಟರಲ್ಲಿ ಆ ದೋಷ ಅದಾಗಲೇ ರಿಪೇರಿಯಾಗಿತ್ತಂತೆ! ಹೆಸರು ಸೋನಾರ್‌ನ ಸದ್ದಿನದು. ಸೋನಾರಿನ ಹಾಗೆಯೇ ಇದಕ್ಕೂ ಪ್ರತಿಧ್ವನಿಯೊಂದೇ ಆಧಾರ: ಉತ್ತರ ಬಂದರೆ ಹೋಗಿಬರುವ ದಾರಿ ಎರಡೂ ಸರಿ. ಬಾರದಿದ್ದರೆ, ಹೋದದ್ದು ಮುಟ್ಟಲಿಲ್ಲವೋ, ಮುಟ್ಟಿ ವಾಪಸು ಬರಲಾಗಲಿಲ್ಲವೋ ಎಂದು ಅದು ಹೇಳುವುದಿಲ್ಲ. ನಾನು ಎರಡು ಗಂಟೆ ಹೋಗುವ ದಾರಿಯಲ್ಲೇ ಹುಡುಕುತ್ತಿದ್ದೆ.

ಶೃಂಗೇರಿಯ ಗೆಳೆಯನಿಗೆ ಫೋನ್ ಹಚ್ಚಿದೆ. "ಸ್ವಿಚ್ಚಿನಿಂದ ಮಾಡಿದ ಪಿಂಗ್ ಯಾವ ವಿಳಾಸದಿಂದ ಹೋಗಿದೆ ನೋಡು" ಎಂದ. ಹೌದಲ್ಲ! ಅದು 30.1ರಿಂದ, ಒಂದೇ ಬೇಲಿಯೊಳಗಿನಿಂದ ಹೋಗಿತ್ತು. ಉತ್ತರ ಕೊಡಲು ರೆಕಾರ್ಡರಿಗೆ ದಣಪೆಯೇ ಬೇಕಿರಲಿಲ್ಲ. ಅದೇ ಸ್ವಿಚ್ಚಿನಿಂದ 10.1ರ ವಿಳಾಸ ಹಿಡಿದು ಪಿಂಗ್ ಮಾಡಿದೆ. ಮೌನ.

ಲ್ಯಾಪ್‌ಟಾಪನ್ನು 30ರ ಪೋರ್ಟೊಂದಕ್ಕೆ ಚುಚ್ಚಿ, ತಂತಿಯಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್ ತೆರೆದೆ. ಪಕ್ಕದ ಕಂಪ್ಯೂಟರಿನಿಂದ ಪಿಂಗ್ ಶುರುಮಾಡಿದ ಕೂಡಲೇ ಪರದೆಯ ಮೇಲೆ ಸಾಲುಸಾಲಾಗಿ ಒಂದೇ ಕೂಗು: "192.168.30.254 ಯಾರದು? 192.168.30.50ಕ್ಕೆ ತಿಳಿಸಿ." ಪಿಂಗ್ ನಿಲ್ಲಿಸಿದೆ, ಕೂಗು ತಣ್ಣಗಾಯಿತು. ಶುರುಮಾಡಿದೆ, ಮತ್ತೆ ಕೂಗು. ನನ್ನ ಪಿಂಗ್ ಅದಕ್ಕೆ ಮುಟ್ಟುತ್ತಲೇ ಇತ್ತು. ಬೇರೆ ಬೇಲಿಯವನಿಗೆ ಉತ್ತರ ಒಯ್ಯಲು ಅದು ದಣಪೆಯನ್ನು ಹುಡುಕುತ್ತಿತ್ತು, ಸಿಡಿಲಿಗೆ ಸತ್ತ ರೌಟರ್‌ನ ವಿಳಾಸದಲ್ಲಿ.

ಉಳಿದ ಯಂತ್ರಗಳಿಗೆಲ್ಲ ತಾನಾಗಿಯೇ ವಿಳಾಸ ಹಂಚುವ ಡಿಎಚ್‌ಸಿಪಿ ಹೊಸ ದಣಪೆಯ ವಿಳಾಸ ಕೊಟ್ಟಿತ್ತು. ರೆಕಾರ್ಡರಿಗೆ ಯಾರೋ ಎಂದೋ ಕೈಯಾರೆ ಬರೆದದ್ದು ಹಾಗೇ ಉಳಿದಿತ್ತು. ಸ್ವಿಚ್ಚು ಕೂರಿಸಿದ ದಿನ ನಾನೂ ಅದನ್ನು ತೆರೆದು ನೋಡಿರಲಿಲ್ಲ. ಯಾವ ಕೂಗನ್ನು ಅಡಗಿಸಲೆಂದು ಬೇಲಿ ಹಾಕಿದೆವೋ ಆ ಕೂಗೇ ಕಳ್ಳನನ್ನು ತೋರಿಸಿಕೊಟ್ಟಿತ್ತು. ಬೇಲಿಯ ಹೊರಗೆ ನಿಂತವನಿಗೆ ಕೇಳಿಸಿರಲಿಲ್ಲ, ಅಷ್ಟೇ.

"ಮೊಬೈಲಲ್ಲೂ ಕ್ಯಾಮೆರಾ ಕಾಣದೆ ತಿಂಗಳಾಯ್ತಲ್ಲ ಮಾರಾಯ್ರೆ" ಅಂದರು ಗುಮಾಸ್ತರು, ಕಾಫಿ ಲೋಟ ಇಡುತ್ತ. ಬೆಳಿಗ್ಗೆಯೇ ಹೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು: ದಣಪೆ ತಪ್ಪಿದ ಯಂತ್ರ ಇಂಟರ್‌ನೆಟ್ಟಿಗೂ ಹೋಗಲಾರದು. ಆದರೆ ಅವರನ್ನು ಏನನ್ನುವುದು? ಮಲೆನಾಡಿನಲ್ಲಿ ಮೊಬೈಲಿನಲ್ಲಿ ಏನಾದರೂ ಕಾಣದಿದ್ದರೆ ಸಿಗ್ನಲ್ ಇಲ್ಲ ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಾರೆ.

ರೆಕಾರ್ಡರಿನ ಸೆಟ್ಟಿಂಗ್ ತೆರೆದು 254 ಅಳಿಸಿ 1 ಒತ್ತಿದೆ. ಆಫೀಸಿನ ಪರದೆಯ ಮೇಲೆ ಜಗಲಿ ಮೂಡಿತು. ಬಾಗಿಲ ಪಕ್ಕ ನೀರು ಸೋರುತ್ತ ನನ್ನ ಛತ್ರಿ ನಿಂತಿತ್ತು.