ಹಳ್ಳಿ ಹಾಡು ಬೆಳ್ಳಿತೆರೆ ಆಳಿದ 1980!

ಗೂಳಿಯ ಬೆನ್ನೇರಿ ಕೂತ ಜಾನ್ ಟ್ರವೋಲ್ಟಾ! ಆ ಸ್ಟಿಲ್ ನೋಡಿದ್ದೀರಾ? ತಲೆ ಮೇಲೆ ಕರೀ ಹ್ಯಾಟು, ಒಂದು ಕೈ ಗಾಳಿಯಲ್ಲಿ... ನನ್ನ ರೂಮಿನ ಗೆಳೆಯ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದ. 'ಅದು ನಿಜವಾದ ಗೂಳಿ ಅಲ್ಲ ಕಣೋ, ಕರೆಂಟಿನಲ್ಲಿ ಕುಣಿಯೋ ಯಂತ್ರ' ಅಂತ ನಾನು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಎರಡು ದಿನ ಮಾತು ಬಿಟ್ಟಿದ್ದ!

ಚಿತ್ರದ ಹೆಸರು 'ಅರ್ಬನ್ ಕೌಬಾಯ್'. ತೆರೆಗೆ ಬಂದದ್ದು 1980ರ ಜೂನ್‌ನಲ್ಲಿ. ಅಮೆರಿಕದ ಹಳ್ಳಿಗರ ಹಾಡು, ಅಂದರೆ ಕಂಟ್ರಿ ಮ್ಯೂಸಿಕ್, ಸಿನಿಮಾ ಹಾಲ್‌ಗಳಿಗೆ ನುಗ್ಗಿದ ವರ್ಷ ಅದು. ಅಲ್ಲಿಯವರೆಗೆ ಪಟ್ಟಣದ ಹುಡುಗರು ಆ ಹಾಡುಗಳನ್ನು 'ಗಮಾರರ ಹಾಡು' ಅಂತ ಮೂಗು ಮುರೀತಿದ್ದರು. ಟ್ರವೋಲ್ಟಾ ಹ್ಯಾಟು ಹಾಕಿದ್ದೇ ತಡ, ಅವರೇ ಬೂಟು ಕೊಳ್ಳಲು ಅಂಗಡಿಗೆ ಓಡಿದರು!

ಟೆಕ್ಸಾಸ್‌ನ ಪ್ಯಾಸಡೀನಾ ಊರಿನಲ್ಲಿ ಗಿಲೀಸ್ ಎಂಬ ಭಾರೀ ಕುಣಿತದ ಕ್ಲಬ್ ಇತ್ತು. ಹಗಲು ಎಣ್ಣೆ ಕಾರ್ಖಾನೆಯಲ್ಲಿ ಬೆವರು ಸುರಿಸಿದ ಹುಡುಗರು ರಾತ್ರಿ ಅಲ್ಲಿ ಯಂತ್ರದ ಗೂಳಿ ಏರುತ್ತಿದ್ದರು. ಆರನ್ ಲೇಥಮ್ 1978ರಲ್ಲಿ 'ಎಸ್ಕ್ವೈರ್' ಪತ್ರಿಕೆಗೆ ಅದರ ಬಗ್ಗೆ ಲೇಖನ ಬರೆದ. ಆ ಲೇಖನವೇ ಸಿನಿಮಾ ಆಯಿತು. (ನಮ್ಮಂಥ ಲೇಖನ ಬರೆಯೋರಿಗೂ ಆಸೆ ಹುಟ್ಟುತ್ತೆ, ಅಲ್ವೇ?) ಚಿತ್ರದಲ್ಲಿ ಜಾನಿ ಲೀ ಹಾಡಿದ 'ಲುಕಿಂಗ್ ಫಾರ್ ಲವ್' ಕಂಟ್ರಿ ಪಟ್ಟಿಯಲ್ಲಿ ನಂಬರ್ ಒನ್!

ಆದರೆ ನನ್ನ ಕೇಳಿದರೆ ಆ ವರ್ಷದ ಚಿತ್ರ ಅದಲ್ಲ, 'ಕೋಲ್ ಮೈನರ್ಸ್ ಡಾಟರ್'. ಕೆಂಟಕಿಯ ಬೆಟ್ಟದ ಸಂದಿಯಲ್ಲಿ ಬುಚರ್ ಹಾಲೋ ಎಂಬ ಪುಟ್ಟ ಹಳ್ಳಿ. ಅಪ್ಪ ಕಲ್ಲಿದ್ದಲು ಗಣಿ ಕಾರ್ಮಿಕ, ಮನೆ ತುಂಬ ಎಂಟು ಮಕ್ಕಳು. ಅದರಲ್ಲೊಬ್ಬಳು ಲೊರೆಟ್ಟಾ ಲಿನ್. 13ಕ್ಕೇ ಮದುವೆ ಆಯಿತೆಂದು ಆಕೆ ಹೇಳಿಕೊಂಡಿದ್ದಳು. 2012ರಲ್ಲಿ ದಾಖಲೆ ಹೊರಬಂದಾಗ ನೋಡಿದರೆ ಮದುವೆಯಾದಾಗ ವಯಸ್ಸು 15! ಆದರೇನು, ಹುಡುಗಿ ಹುಡುಗಿಯೇ. ಗಂಡ 17 ಡಾಲರಿನ ಗಿಟಾರ್ ತಂದುಕೊಟ್ಟ. ಮಕ್ಕಳನ್ನು ಸಾಕುತ್ತಲೇ ತಾನೇ ನುಡಿಸಲು ಕಲಿತಳು. 1960ರಲ್ಲಿ ಮೊದಲ ರೆಕಾರ್ಡು ಬಂದಾಗ ಗಂಡ ಹೆಂಡತಿ ಕಾರಿನಲ್ಲಿ ಊರೂರು ಅಲೆದು, ರೇಡಿಯೋ ಸ್ಟೇಷನ್ ಬಾಗಿಲು ಬಾಗಿಲು ತಟ್ಟಿ 'ಒಂದ್ಸಲ ಹಾಕಿ ಸ್ವಾಮೀ' ಅಂತ ಕೇಳಿಕೊಂಡರು.

ಆಕೆಯ ಪಾತ್ರಕ್ಕೆ ಸಿಸ್ಸಿ ಸ್ಪೇಸೆಕ್. ರಾಶಿ ಫೋಟೋಗಳ ನಡುವೆ ಇವಳನ್ನು ಆರಿಸಿದ್ದು ಲೊರೆಟ್ಟಾಳೇ! ಸ್ಪೇಸೆಕ್ ಲೊರೆಟ್ಟಾಳ ಜೊತೆ ತಿರುಗಾಡಿ, ಆ ಮಾತಿನ ಧಾಟಿ ಕಲಿತು, ಹಾಡುಗಳನ್ನೆಲ್ಲ ತಾನೇ ಹಾಡಿದಳು. ಹಿನ್ನೆಲೆ ಗಾಯನಕ್ಕೆ ಒಗ್ಗಿಹೋದ ನಮಗೆ ಅದರ ಕಷ್ಟ ಸುಲಭವಾಗಿ ತಿಳಿಯದು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಅಣ್ಣಾವ್ರ ಕಂಠ ಕೇಳಿದಾಗ ಆದ ರೋಮಾಂಚನ ನೆನೆಸಿಕೊಳ್ಳಿ, ಆಗ ಗೊತ್ತಾಗುತ್ತೆ. 1981ರಲ್ಲಿ ಶ್ರೇಷ್ಠ ನಟಿ ಆಸ್ಕರ್ ಅವಳದೇ ಆಯಿತು.

ಅದೇ ವರ್ಷ ನಮ್ಮ ಕ್ಲಿಂಟ್ ಈಸ್ಟ್‌ವುಡ್ ಕೂಡ ಹಾಡಿದ, ಗೊತ್ತೇನ್ರೀ? 'ಬ್ರಾಂಕೋ ಬಿಲ್ಲಿ'ಗೆ ಮರ್ಲ್ ಹ್ಯಾಗರ್ಡ್ ಜೊತೆ! ಅದೂ ನಂಬರ್ ಒನ್. (ಪಿಸ್ತೂಲೇ ಚೆನ್ನಾಗಿತ್ತು ಅಂತ ನನ್ನ ಅನಿಸಿಕೆ.) ವಿಲ್ಲಿ ನೆಲ್ಸನ್ ವಿಮಾನದಲ್ಲಿ ಕೂತೇ 'ಹನಿಸಕಲ್ ರೋಸ್'ಗೆ 'ಆನ್ ದಿ ರೋಡ್ ಅಗೇನ್' ಬರೆದ. ಡಿಸೆಂಬರ್‌ನಲ್ಲಿ ಬಂದ 'ನೈನ್ ಟು ಫೈವ್' ಡಾಲಿ ಪಾರ್ಟನ್‌ಳ ಮೊದಲ ಚಿತ್ರ. ಸೆಟ್ಟಿನಲ್ಲಿ ಉಗುರಿಗೆ ಉಗುರು ತಿಕ್ಕಿ ಟೈಪ್‌ರೈಟರ್ ಸದ್ದು ಹೊರಡಿಸಿ, ಆ ತಾಳಕ್ಕೇ ಹಾಡು ಕಟ್ಟಿದ ಜಾಣೆ! ಎರಡೂ ಹಾಡು ಆಸ್ಕರ್ ಕಣಕ್ಕಿಳಿದು 'ಫೇಮ್' ಎದುರು ಸೋತವು.

ಇಷ್ಟೆಲ್ಲ ಝಗಮಗದ ನಡುವೆ ಆ ವರ್ಷದ ನಿಜವಾದ ಹಾಡು ಯಾವ ಚಿತ್ರದಲ್ಲೂ ಇರಲಿಲ್ಲ. ಅದನ್ನು ಹಾಡಿದವ ಒಬ್ಬ ಕುಡುಕ, ಜಾರ್ಜ್ ಜೋನ್ಸ್.

ದೇವರು ಕೊಟ್ಟ ಕಂಠ, ದೆವ್ವ ಹಿಡಿದ ಬದುಕು. ಗಾಯಕಿ ಟ್ಯಾಮಿ ವೈನೆಟ್ ಜೊತೆಗಿನ ಮದುವೆ 1975ರಲ್ಲಿ ಮುರಿದಿತ್ತು. ಕುಡಿತ, ಕೊಕೇನ್, ಸಾಲ. ಟಿಕೆಟ್ ಕೊಂಡ ಜನ ಕಾದು ಕೂತರೂ ಆಸಾಮಿ ನಾಪತ್ತೆ! 'ನೋ ಷೋ ಜೋನ್ಸ್' ಅಂತಲೇ ಹೆಸರು ಬಿದ್ದಿತ್ತು. ನಿರ್ಮಾಪಕ ಬಿಲ್ಲಿ ಶೆರಿಲ್ ತಂದುಕೊಟ್ಟ ಹಾಡು 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ'. ಬಿಟ್ಟುಹೋದವಳನ್ನು ಸಾಯೋವರೆಗೂ ಪ್ರೀತಿಸ್ತೀನಿ ಅಂದವನ ಕಥೆ. ಅವನ ಪ್ರೀತಿ ನಿಂತ ದಿನ ಅಂದರೆ ಅವನ ಹೆಣ ಎತ್ತಿದ ದಿನ. ಇಂಥ ಸಾವಿನ ಹಾಡನ್ನು ಯಾರೂ ಕೊಳ್ಳೋದಿಲ್ಲ ಅಂತ ಜೋನ್ಸ್ ತಗಾದೆ ತೆಗೆದ.

ಹಾಡಿನ ನಡುವೆ ನಾಲ್ಕು ಸಾಲು ಮಾತಿನಲ್ಲಿ ಹೇಳಬೇಕಿತ್ತು. ಕುಡಿದರೂ ಹಾಡಬಲ್ಲವ, ಮಾತಾಡಿದರೆ ಮಾತ್ರ ತೊದಲು! ಮೂರು ನಿಮಿಷದ ಹಾಡು ಮುಗಿಯಲು 18 ತಿಂಗಳು ಹಿಡಿಯಿತೆಂದು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. 1980ರ ಜುಲೈನಲ್ಲಿ ಅದು ನಂಬರ್ ಒನ್. ಒಂಟಿಯಾಗಿ ಹಾಡಿ ಆ ಜಾಗ ತಲುಪಿ ಆರು ವರ್ಷವಾಗಿತ್ತು! ಕುಡಿತವೇನೂ ಅಂದೇ ಬಿಡಲಿಲ್ಲ. 1999ರಲ್ಲಿ ಕಾರು ಅಪಘಾತದಲ್ಲಿ ಸಾವಿನ ಬಾಗಿಲು ನೋಡಿ ಬಂದ ಮೇಲೆ ಪೂರಾ ಬಿಟ್ಟ.

ಕ್ಯಾಸೆಟ್‌ನಲ್ಲಿ ಆ ಹಾಡನ್ನು ಮೊದಲ ಸಲ ಹಾಕಿದಾಗ ಟ್ರವೋಲ್ಟಾ ಭಕ್ತ ನನ್ನ ಗೆಳೆಯ 'ಏನೋ ಇದು ಗೋಳು, ತೆಗಿಯೋ' ಅಂದ. ಆ ಮಳೆಗಾಲದಲ್ಲೇ ಅವನ ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾಯಿತು. ಒಂದು ರಾತ್ರಿ ಎಚ್ಚರವಾಗಿ ನೋಡ್ತೀನಿ, ಟೇಪ್ ರೆಕಾರ್ಡರ್ ಪಕ್ಕ ಕೂತಿದ್ದಾನೆ. ಸೌಂಡು ತೀರ ಸಣ್ಣಗೆ ಇಟ್ಟುಕೊಂಡಿದ್ದ. ನಾನು ಮಗ್ಗುಲು ತಿರುಗಿ ಮಲಗಿದೆ.

ಜೋನ್ಸ್ 2013ರ ಏಪ್ರಿಲ್‌ನಲ್ಲಿ ತೀರಿಕೊಂಡ. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಸಭಾಂಗಣದಲ್ಲಿ ಅಂತಿಮ ನಮನ. ಅಲನ್ ಜಾಕ್ಸನ್ ಎದ್ದು ಬಂದು ಹಾಡಿದ. ಯಾರೂ ಕೊಳ್ಳೋದಿಲ್ಲ ಅಂತ ಜೋನ್ಸ್ ಅಂದಿದ್ದನಲ್ಲ, ಅದೇ ಹಾಡು.