ಹೊಟ್ಟೆ ಕಿರಿದಾದ ಮೇಲೆ ಇಪ್ಪತ್ತು ವರ್ಷ

ದಾವಣಗೆರೆಯಲ್ಲಿ ಒಂದೇ ಬೆಣ್ಣೆ ದೋಸೆ ತಿಂದು ಎದ್ದವರು ಸಿಗುವುದು ಅಪರೂಪ. ಸಂಜೆಯಾದರೆ ಮಂಡಕ್ಕಿ, ಮಿರ್ಚಿ ಇದ್ದೇ ಇದೆ. ಹತ್ತಿ ಗಿರಣಿಯಲ್ಲಿ ಪಾಳಿಗಟ್ಟಲೆ ನಿಂತು ದುಡಿದವರಿಗೆ, ಹರಿಹರದ ಕಾರ್ಖಾನೆಗೆ ಸೈಕಲ್ ತುಳಿದು ಹೋದವರಿಗೆ ಆ ಬೆಣ್ಣೆ ಮೈಗೆ ಹತ್ತುತ್ತಿರಲಿಲ್ಲ. ಗಿರಣಿಗಳ ಸದ್ದು ಅಡಗಿತು, ಬೆಣ್ಣೆ ಮಾತ್ರ ಉಳಿಯಿತು. ಈಗ ಹರಿಹರದ ವಿದ್ಯಾರ್ಥಿ ಬಸ್ಸಿನಲ್ಲಿ ಕುಳಿತು ದಾವಣಗೆರೆಗೆ ಬಂದು, ಕಾಲೇಜಿನಲ್ಲಿ ಕುಳಿತು, ಟ್ಯೂಷನ್ನಿನಲ್ಲಿ ಕುಳಿತು, ಮತ್ತೆ ಕುಳಿತೇ ಊರಿಗೆ ಮರಳುತ್ತಾನೆ. ತೂಕ ಏರಿದಾಗ ಮನೆಯಲ್ಲಿ ಆಪರೇಷನ್ನಿನ ಮಾತು ಬರುತ್ತದೆ.

ಯಾವ ಆಪರೇಷನ್ ಎಂಬುದನ್ನು ಮೊದಲು ತಿಳಿಯಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ ಅವರಿಗೆ ಬರೀ 21 ವರ್ಷ. ಆ ಸುದ್ದಿ ಓದಿದ ಅನೇಕರು ತೂಕ ಇಳಿಸುವ ಎಲ್ಲ ಶಸ್ತ್ರಚಿಕಿತ್ಸೆಯೂ ಒಂದೇ ಎಂದುಕೊಂಡರು. ಹಾಗಲ್ಲ. ಚರ್ಮದಡಿಯ ಕೊಬ್ಬನ್ನು ಕೊಳವೆಯಿಂದ ಹೀರುವುದು ಲೈಪೋಸಕ್ಷನ್. ಅದು ಅಂದಕ್ಕಾಗಿ ಮಾಡುವಂಥದ್ದು, ಬೊಜ್ಜಿನ ಕಾಯಿಲೆಗೆ ಮದ್ದಲ್ಲ. ಜಠರವನ್ನೋ ಕರುಳಿನ ದಾರಿಯನ್ನೋ ಬದಲಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯೇ ಬೇರೆ. ಇಲ್ಲಿ ಹೇಳಹೊರಟಿರುವುದು ಎರಡನೆಯದರ ವಿಷಯ.

ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆಯುವುದು ಸ್ಲೀವ್ ಎಂಬ ವಿಧಾನ. ಚೀಲದಂತಿರುವ ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟು ಸಪೂರವಾದ ಕೊಳವೆಯಾಗಿ ಉಳಿಸುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹುಟ್ಟುವ ಭಾಗವೂ ಇದರೊಂದಿಗೆ ಹೋಗುತ್ತದೆ. ಬೈಪಾಸ್ ವಿಧಾನದಲ್ಲಿ ಜಠರದ ತುದಿಯಲ್ಲಿ ಪುಟ್ಟ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಊಟ ಬೈಪಾಸ್ ರಸ್ತೆಯಲ್ಲಿ ಹೋದ ಲಾರಿಯಂತೆ ಊರೊಳಗೆ ಬರುವುದೇ ಇಲ್ಲ.

ಈ ಹೋಲಿಕೆಯಲ್ಲೇ ಕಷ್ಟವೂ ಅಡಗಿದೆ. ಕಬ್ಬಿಣದ ಅಂಶ ಮುಖ್ಯವಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್ ಆದವರಲ್ಲಿ ಊಟ ಅಲ್ಲಿಗೆ ಹೋಗುವುದಿಲ್ಲ. ಬಿ-12 ವಿಟಮಿನ್ ಮೈಗೆ ಸೇರಲು ಜಠರದಲ್ಲಿ ಒಸರುವ ಒಂದು ಪ್ರೋಟೀನಿನ ಆಸರೆ ಬೇಕು. ಜಠರವೇ ಕಡಿಮೆಯಾದರೆ ಅದೂ ಕಡಿಮೆ. ಸಸ್ಯಾಹಾರಿ ಮನೆಗಳಲ್ಲಿ ಬಿ-12 ಮೊದಲೇ ಅಭಾವ. ಹಾಗಾಗಿ ರಕ್ತಹೀನತೆ, ಕೈಕಾಲು ಜೋಮು, ಕ್ಯಾಲ್ಸಿಯಂ ಮತ್ತು ಡಿ ವಿಟಮಿನ್ ಕೊರತೆಯಿಂದ ಮೂಳೆ ಸವೆತ ಇವೆಲ್ಲ ಆಪರೇಷನ್ ಆದ ಮರುದಿನ ಕಾಣುವುದಿಲ್ಲ, ವರ್ಷಗಳ ಮೇಲೆ ಮೆಲ್ಲನೆ ತಲೆಹಾಕುತ್ತವೆ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದೂ ಉಂಟು.

ಹಾಗಾದರೆ ಇದು ಬೇಡವೇ? ಅವಸರದಲ್ಲಿ ಹಾಗೆನ್ನಲಾಗದು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು 2,000 ಮಂದಿಯನ್ನು, ಮಾಡಿಸಿಕೊಳ್ಳದ ಅಷ್ಟೇ ಸ್ಥೂಲಕಾಯರ ಜೊತೆ ದಶಕಗಟ್ಟಲೆ ಹೋಲಿಸುತ್ತ ಬಂದಿದೆ. 2020ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮಾಡಿಸಿಕೊಂಡವರು ಸುಮಾರು 3 ವರ್ಷ ಹೆಚ್ಚು ಬದುಕಿದರು. ಆದರೂ ಅವರ ಆಯುಷ್ಯ ಸಾಮಾನ್ಯ ಜನರಿಗಿಂತ ಐದೂವರೆ ವರ್ಷ ಕಡಿಮೆಯೇ ಇತ್ತು. ಸಕ್ಕರೆ ಕಾಯಿಲೆಯದ್ದೂ ಇಂಥದೇ ಕಥೆ: ಎರಡು ವರ್ಷಕ್ಕೆ 72 ಶೇಕಡಾ ಮಂದಿಯಲ್ಲಿ ಮಾಯವಾಗಿದ್ದ ಕಾಯಿಲೆ, ಹತ್ತು ವರ್ಷಕ್ಕೆ ನೋಡಿದಾಗ 36 ಶೇಕಡಾ ಮಂದಿಯಲ್ಲಷ್ಟೇ ದೂರವಿತ್ತು. ಜಾಹೀರಾತುಗಳಲ್ಲಿ ಕಾಣುವುದು ಯಾವಾಗಲೂ ಎರಡನೇ ವರ್ಷದ ಫೋಟೋ!

ಸ್ವೀಡನ್ನಿನಲ್ಲಿ ಅಂದು ಬಹುತೇಕರಿಗೆ ಮಾಡಿದ ವಿಧಾನ ಈಗ ಬಳಕೆಯಲ್ಲಿಲ್ಲ. ಸ್ಲೀವಿನ ವಿಚಾರಕ್ಕೆ ಫಿನ್ಲೆಂಡಿನ ಹತ್ತು ವರ್ಷದ ಅಧ್ಯಯನ ನೋಡಬೇಕು. ಅದರ ಫಲಿತಾಂಶ 2022ರಲ್ಲಿ ಬಂತು. ಸ್ಲೀವ್ ಆದವರು ಹೆಚ್ಚುವರಿ ತೂಕದಲ್ಲಿ 43.5 ಶೇಕಡಾ, ಬೈಪಾಸ್ ಆದವರು 50.7 ಶೇಕಡಾ ಕಳೆದುಕೊಂಡಿದ್ದರು. ಲೆಕ್ಕ ಮಾಡಿ ನೋಡಿ. 160 ಸೆಂಟಿಮೀಟರ್ ಎತ್ತರ, 110 ಕಿಲೋ ತೂಕದ ವ್ಯಕ್ತಿಗೆ ಆ ಅಳತೆಯಲ್ಲಿ 64 ಕಿಲೋ ಇರಬೇಕು, ಹೆಚ್ಚುವರಿ 46. ಹತ್ತು ವರ್ಷಕ್ಕೆ ಸ್ಲೀವಿನಿಂದ ಇಳಿದು ನಿಂತದ್ದು ಸುಮಾರು 20 ಕಿಲೋ. ಇದು ಮಂಡಿಗೂ ಹೃದಯಕ್ಕೂ ದೊಡ್ಡ ಉಪಕಾರ, ಆದರೆ ಕನ್ನಡಿಯ ಮುಂದೆ ಕಂಡ ಕನಸಿನಷ್ಟಲ್ಲ. ಅದೇ ಅಧ್ಯಯನದಲ್ಲಿ ಸ್ಲೀವ್ ಆದವರ ಪೈಕಿ 31 ಶೇಕಡಾ ಮಂದಿಯಲ್ಲಿ ಆಮ್ಲ ಮೇಲೇರಿ ಅನ್ನನಾಳ ಉರಿಗೊಂಡಿತ್ತು. ಬೈಪಾಸಿನವರಲ್ಲಿ 7 ಶೇಕಡಾ.

ಹೆತ್ತವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ, ಆಪರೇಷನ್ ಟೇಬಲ್ಲಿನ ಮೇಲೆ ಅಪಾಯವಿದೆಯೇ ಎಂದು. ಸ್ವೀಡನ್ನಿನ ಲೆಕ್ಕದಲ್ಲಿ ಮೊದಲ 90 ದಿನಗಳ ಸಾವು ಸಾವಿರಕ್ಕೆ ಎರಡರ ಆಸುಪಾಸು. ಕೇಳದೆ ಬಿಡುವ ಪ್ರಶ್ನೆಗಳೇ ಭಾರವಾದವು. ಮಗಳ ಮದುವೆಗೆ ಮುಂಚೆ ಮಾಡಿಸಿಬಿಡೋಣ ಎನ್ನುವ ಮನೆಯವರಿಗೆ, ಆಪರೇಷನ್ನಾದ 12ರಿಂದ 18 ತಿಂಗಳು ಗರ್ಭ ಧರಿಸಬಾರದೆಂಬುದು ಗೊತ್ತಿರುವುದಿಲ್ಲ. ಮದುವೆಯಾದ ಮೂರನೇ ತಿಂಗಳಿಗೆ ‘ಏನಾದರೂ ವಿಶೇಷ ಇದೆಯಾ’ ಎಂದು ಕೇಳುವ ಬಂಧುಗಳಿಗೆ ಆ ಹುಡುಗಿ ಏನೆಂದು ಉತ್ತರ ಕೊಡಬೇಕು? ಇನ್ನು ಓದುವ ಹುಡುಗರ ವಿಷಯ. ಬೊಜ್ಜು ವಿಪರೀತವಾಗಿ ಕಾಯಿಲೆ ತಂದಿದ್ದರೆ ಹದಿಹರೆಯದವರಿಗೂ ಈ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಆದರೆ 17ರ ವಯಸ್ಸಿನಲ್ಲಿ ಮಾಡಿಸಿಕೊಂಡವರು ಮಾತ್ರೆ ನುಂಗಬೇಕಾದದ್ದು ಮುಂದಿನ ಐವತ್ತು ವರ್ಷ. ಹಾಸ್ಟೆಲ್ಲಿನಲ್ಲಿದ್ದಾಗ, ಕೆಲಸ ಹುಡುಕುವಾಗ, ಅಮ್ಮ ನೆನಪಿಸಲು ಪಕ್ಕದಲ್ಲಿಲ್ಲದಾಗಲೂ ನುಂಗಬೇಕು. ಒಪ್ಪಿಗೆ ಹಾಳೆಗೆ ಅಪ್ಪ ಸಹಿ ಹಾಕಬಹುದು, ಮಾತ್ರೆಯನ್ನು ಅಪ್ಪ ನುಂಗಲಾಗುವುದಿಲ್ಲ.

ಇನ್ನೊಂದು ಮಾತು. ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೇ ಆದರೂ ಬದುಕು ಹರಿಹರದಲ್ಲೇ. ವರ್ಷಕ್ಕೊಮ್ಮೆ ರಕ್ತದಲ್ಲಿ ಹಿಮೋಗ್ಲೋಬಿನ್, ಬಿ-12, ಕ್ಯಾಲ್ಸಿಯಂ, ಡಿ ವಿಟಮಿನ್ ಪರೀಕ್ಷೆ ಮಾಡಿಸಲು ಬೆಂಗಳೂರೇ ಬೇಕೆಂದಿಲ್ಲ. ತಲೆನೋವೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಬೈಪಾಸ್ ಆದವರ ಹೊಸ ಜೋಡಣೆಯಲ್ಲಿ ಹುಣ್ಣು ತರಬಲ್ಲವು. ಬೈಪಾಸ್ ಆಗಿ ಹಲವು ವರ್ಷಗಳಾದ ಮೇಲೂ ಕರುಳು ಒಳಗೇ ಸಿಕ್ಕಿಕೊಂಡು ತಡೆಯಲಾರದ ಹೊಟ್ಟೆನೋವು ಬರಬಹುದು. ಅದನ್ನು ಗ್ಯಾಸ್ ಎಂದು ಜೀರಿಗೆ ಕಷಾಯ ಕೊಟ್ಟು ಬೆಳಗಿನವರೆಗೆ ಕಾಯುವಂತಿಲ್ಲ. ನಡುರಾತ್ರಿ ನೋಡುವ ವೈದ್ಯರಿಗೆ ಹೊಟ್ಟೆಯೊಳಗೆ ಯಾವುದನ್ನು ಎಲ್ಲಿಗೆ ಜೋಡಿಸಿದೆ ಎಂದು ತಿಳಿಯಬೇಕು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದದ ಒಂದು ಪ್ರತಿ ಬೀರುವಿನಲ್ಲಿ, ಇನ್ನೊಂದು ಜೇಬಿನಲ್ಲಿ ಇರಲಿ.